ನಾಲೆ ಬಂತು, ಬಸಿಗಾಲುವೆ ಬರಲಿಲ್ಲ

ಫೆಬ್ರವರಿ ಮುಗಿಯುತ್ತ ಬಂದ ಹಾಗೆ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಕಡೆಯ ನಾಲಾ ಬಯಲಿನಲ್ಲಿ ಕೆಲವು ತಗ್ಗು ಗದ್ದೆಗಳ ಮೈಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಭತ್ತ ಕೊಯ್ದು ಕೂಳೆ ಒಣಗಿರುತ್ತದೆ, ಬದುವಿನ ಬುಡದಲ್ಲಿ ಗರಿಕೆ ಮಾತ್ರ ಹಸಿರಾಗಿ ಉಳಿದಿರುತ್ತದೆ. ಕ್ರೈಸ್ತರಿಗೆ ಅದು ಹೆಚ್ಚುಕಡಿಮೆ ವಿಭೂತಿ ಬುಧವಾರದ ಸಮಯ, ತಪಸ್ಸುಕಾಲ ಶುರುವಾಗುವ ಹೊತ್ತು. ಆ ಗದ್ದೆಗಳಿಗೆ ಯಾವತ್ತೂ ನೀರಿನ ಬರ ಬಂದಿರಲಿಲ್ಲ. ಸುತ್ತಲಿನ ಎಲ್ಲ ಹೊಲಗಳಿಗಿಂತ ಹೆಚ್ಚು ನೀರು ಕಂಡ ನೆಲ ಅದು. ಹೆಚ್ಚು ನೀರು ಕಂಡದ್ದರಿಂದಲೇ ಚೌಳಾಯಿತು, ಅಂದರೆ ಉಪ್ಪು ಹಿಡಿದು ಕೆಟ್ಟಿತು.

ಆತ್ಮಿಕ ನವೀಕರಣ ಅಂದರೆ ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಬರುವ ಚಿತ್ರ ಒಂದೇ: ಒಣಗಿ ಬಿರಿದ ನೆಲ, ಅದರ ಮೇಲೆ ಮಳೆ, ಮರುದಿನ ಹಸಿರು. ಯೆಶಾಯನ 35ನೇ ಅಧ್ಯಾಯದ ಮರುಭೂಮಿ ಅರಳುವ ಚಿತ್ರ ಅದು, ಸತ್ಯವೂ ಹೌದು. ಆದರೆ ಇಲ್ಲಿನ ಹೆಚ್ಚಿನ ಕ್ರೈಸ್ತ ಕುಟುಂಬಗಳ ಸ್ಥಿತಿ ಅದಲ್ಲ. ಭಾನುವಾರದ ಆರಾಧನೆ, ಶುಕ್ರವಾರದ ಪ್ರಾರ್ಥನೆ, ಉಜ್ಜೀವನ ಕೂಟ, ಧ್ಯಾನಕೂಟ, ಫೋನಿನಲ್ಲಿ ದಿನಕ್ಕೆ ನಾಲ್ಕು ವಾಕ್ಯ. ನೀರು ಎಡೆಬಿಡದೆ ಹರಿಯುತ್ತಿದೆ. ಹಾಗಿದ್ದೂ ಎಷ್ಟೋ ಮನಸ್ಸುಗಳು ಗಟ್ಟಿಯಾಗಿವೆ, ಕಹಿಯಾಗಿವೆ. ಅಂಥ ಕಡೆ ಇನ್ನೊಂದು ಕೂಟ ಏರ್ಪಡಿಸುವುದೆಂದರೆ ಚೌಳು ಗದ್ದೆಗೆ ಇನ್ನೊಂದು ತೂಬು ಎತ್ತಿದ ಹಾಗೆ. ಆ ಗದ್ದೆಯನ್ನು ಸರಿಪಡಿಸುವ ಕ್ರಮ ಬಲ್ಲವರಿಗೆ ಗೊತ್ತಿದೆ. ಅದರಲ್ಲಿ ನೀರು ಮೊದಲ ಹೆಜ್ಜೆಯಲ್ಲ, ಮೂರನೆಯದು.

ಕೆಟ್ಟದ್ದು ಹೇಗೆ ಎಂಬುದರಿಂದಲೇ ಹಿಡಿಯಬೇಕು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಬಯಲಿಗೆ ಬಂತು. ರಾಗಿ, ಜೋಳ, ಹುರುಳಿ ಬೆಳೆದು ಮಳೆ ಕಾಯುತ್ತಿದ್ದ ಸೀಮೆಗೆ ಭತ್ತ, ಕಬ್ಬು ಬಂದವು. 1933ರಲ್ಲಿ ಸಕ್ಕರೆ ಕಂಪನಿಯೂ ಬಂತು. ಆ ನೀರು ಆಶೀರ್ವಾದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲೆ ಎತ್ತರದಲ್ಲಿ ಹರಿಯುತ್ತದೆ. ಅದರ ಕೆಳಗಿನ ಇಳಿಜಾರಿನ ಕೆಂಪು ಮಣ್ಣು ನೀರನ್ನು ಬೇಗ ಒಳಗೆ ಬಿಟ್ಟುಕೊಡುತ್ತದೆ. ಆ ನೀರು ನೆಲದೊಳಗೇ ಜಾರಿ ತಗ್ಗಿನ ಎರೆ ಮಣ್ಣಿಗೆ ಬಂದು ನಿಲ್ಲುತ್ತದೆ. ಎರೆ ಮಣ್ಣು ಅದನ್ನು ಬಿಡುವುದಿಲ್ಲ. ವರ್ಷ ಕಳೆದಂತೆ ಒಳನೀರಿನ ಮಟ್ಟ ಮೇಲೇರುತ್ತದೆ. ಅದು ನೆಲದಿಂದ ಒಂದೂವರೆ-ಎರಡು ಮೀಟರ್ ಒಳಗೆ ಬಂದ ಮೇಲೆ ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ತಾವೇ ಮೇಲಕ್ಕೆಳೆಯುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಲೀಟರಿಗೆ ಕಾಲು ಗ್ರಾಂ ಉಪ್ಪಿರುವ ನೀರು ನಾಲಿಗೆಗೆ ಸಪ್ಪೆ, ಬೇಸಾಯಕ್ಕೆ ಒಳ್ಳೆಯ ನೀರು. ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ಅಂಥ ನೀರು ಕೊಟ್ಟರೆ ಸುಮಾರು ನಾಲ್ಕು ಸಾವಿರ ಘನ ಮೀಟರ್ ಆಯಿತು. ಅದರೊಂದಿಗೆ ಬಂದ ಉಪ್ಪು ಒಂದು ಟನ್. ಕೆಳಗೆ ಬಸಿದು ಹೋಗಲು ದಾರಿ ಇಲ್ಲದಿದ್ದರೆ ಆ ಒಂದು ಟನ್ ಅಲ್ಲೇ ಉಳಿಯುತ್ತದೆ, ಮರುವರ್ಷ ಮತ್ತೊಂದು ಟನ್. ಯಾರೂ ಕೆಟ್ಟ ನೀರು ಕೊಡಲಿಲ್ಲ. ಒಳ್ಳೆಯ ನೀರಿಗೆ ಹೊರದಾರಿ ಇರಲಿಲ್ಲ, ಅಷ್ಟೆ.

ಯೆಹೆಜ್ಕೇಲ 47ರಲ್ಲಿ ದೇವಾಲಯದ ಹೊಸ್ತಿಲಿನಿಂದ ಹೊರಟ ನದಿ ಮುಟ್ಟಿದ್ದನ್ನೆಲ್ಲ ಬದುಕಿಸುತ್ತ ಹೋಗುತ್ತದೆ. ಪ್ರಸಂಗಗಳಲ್ಲಿ ಆ ಭಾಗ ಬಹಳ ಬಳಕೆಯಲ್ಲಿದೆ, ಆದರೆ 11ನೇ ವಚನವನ್ನು ಸಾಮಾನ್ಯವಾಗಿ ದಾಟಿ ಹೋಗುತ್ತೇವೆ. ಅಲ್ಲಿನ ಕೆಸರು ಜಾಗಗಳೂ ಜೌಗುಗಳೂ ವಾಸಿಯಾಗಲಿಲ್ಲ, ಉಪ್ಪಿಗೇ ಉಳಿದುಕೊಂಡವು. ಅದೇ ಪವಿತ್ರ ನದಿಯ ಪಕ್ಕದಲ್ಲಿದ್ದ ಜಾಗಗಳು ಅವು. ಅವು ಉಪ್ಪಿಗೆ ಉಳಿಯಲು ಬೇರೆ ಕಾರಣವನ್ನು ವ್ಯಾಖ್ಯಾನಕಾರರು ಹೇಳಬಹುದು, ಉಪ್ಪೂ ಮನುಷ್ಯನಿಗೆ ಬೇಕಾದದ್ದೇ. ನಾಲಾ ಬಯಲಿನಲ್ಲಿ ಬದುಕಿದವರಿಗೆ ಮಾತ್ರ ಮೊದಲು ಹೊಳೆಯುವುದು ಒಂದೇ: ನೀರು ಬಂದು ನಿಂತಿತು, ಮುಂದೆ ಹೋಗಲಿಲ್ಲ.

ಮೃತ ಸಮುದ್ರದ ಉದಾಹರಣೆ ಎಲ್ಲರಿಗೂ ಗೊತ್ತು. ಯೊರ್ದನ್ ಹೊಳೆ ಅದರೊಳಗೆ ಬೀಳುತ್ತದೆ, ಹೊರಗೆ ಹೋಗುವ ಹೊಳೆ ಇಲ್ಲ, ಆದ್ದರಿಂದ ಉಪ್ಪು. ಪಡೆದದ್ದನ್ನು ಕೊಡಿ ಎಂದು ಅಲ್ಲಿಗೆ ಪ್ರಸಂಗ ಮುಗಿಯುತ್ತದೆ. ನಮ್ಮ ಗದ್ದೆ ಅದಕ್ಕಿಂತ ನಿಖರವಾದ ಪಾಠ ಹೇಳುತ್ತದೆ. ಇಲ್ಲಿ ಒಂದು ಗದ್ದೆಯ ನೀರನ್ನು ಬದು ಕಡಿದು ಮುಂದಿನ ಗದ್ದೆಗೆ ಬಿಡುವುದು ರೂಢಿ. ನೋಡುವವರಿಗೆ ನೀರು ಹರಿಯುತ್ತಲೇ ಇದೆ, ಒಬ್ಬರಿಂದ ಇನ್ನೊಬ್ಬರಿಗೆ ಸಿಗುತ್ತಲೇ ಇದೆ. ಆದರೂ ಉಪ್ಪು ಕಡಿಮೆಯಾಗುವುದಿಲ್ಲ. ಮೇಲ್ಮೈಯಲ್ಲಿ ಹರಿದ ನೀರು ಬೇರಿನ ವಲಯದ ಉಪ್ಪನ್ನು ಮುಟ್ಟುವುದೇ ಇಲ್ಲ. ಉಪ್ಪು ತೊಳೆದು ಹೋಗಬೇಕಾದರೆ ನೀರು ಮಣ್ಣಿನ ಒಳಗಿಂದ ಕೆಳಕ್ಕಿಳಿದು, ಆಮೇಲೆ ಹೊರಗೆ ಹೋಗಬೇಕು. ದಾನ ಕೊಡುವ, ಸೇವೆಗೆ ನಿಲ್ಲುವ, ವಾಕ್ಯವನ್ನು ಹತ್ತು ಜನರಿಗೆ ಕಳಿಸುವ ಬದುಕಿನೊಳಗೂ ಉಪ್ಪು ಹಾಗೇ ಇರಬಲ್ಲದು, ಅವೆಲ್ಲ ತನ್ನ ಒಳಗಿಂದ ಹಾದು ಹೋಗದಿದ್ದರೆ. ಮತ್ತಾಯ 18ರ ಸೇವಕನಿಗೆ ಹತ್ತು ಸಾವಿರ ತಲಾಂತಿನ ಸಾಲ ಮನ್ನಾ ಆಯಿತು. ಆ ಕ್ಷಮೆ ಅವನ ಮೇಲಿಂದ ಹರಿದು ಹೋಯಿತು, ಒಳಗಿಳಿಯಲಿಲ್ಲ. ಹೊರಗೆ ಬಂದವನೇ ನೂರು ದೀನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿದ.

ಈಗ ಪರೀಕ್ಷೆಯ ವಿಷಯ. ಬೆಳ್ಳಗೆ ಕಂಡದ್ದೆಲ್ಲ ಒಂದೇ ರೋಗ ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮುಖ್ಯವಾಗಿ ಎರಡು ಬಗೆ ಇವೆ. ಒಂದರಲ್ಲಿ ಉಪ್ಪು ಮಣ್ಣಿನ ನೀರಿನಲ್ಲಿ ಕರಗಿಕೊಂಡಿರುತ್ತದೆ. ಒಣಗಿದಾಗ ಬಿಳಿ ಪುಡಿ ಏಳುತ್ತದೆ, ಆದರೆ ಮಣ್ಣು ಸಡಿಲವಾಗೇ ಇರುತ್ತದೆ, ನೀರು ಇಂಗುತ್ತದೆ. ಇದು ಲವಣ ಮಣ್ಣು: ಕರಗಿದ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚು, ರಸಸಾರ ಅಂದರೆ ಪಿಎಚ್ 8.5ರ ಒಳಗೆ. ಇನ್ನೊಂದು ಕ್ಷಾರ ಮಣ್ಣು. ಇಲ್ಲಿ ಸೋಡಿಯಂ ಜೇಡಿ ಕಣಗಳಿಗೇ ಅಂಟಿಕೊಂಡಿರುತ್ತದೆ, ಕಣ ಹಿಡಿದಿಟ್ಟುಕೊಂಡ ಧಾತುಗಳಲ್ಲಿ ಶೇ 15ಕ್ಕಿಂತ ಹೆಚ್ಚು ಪಾಲು ಅದರದ್ದು. ಪಿಎಚ್ 8.5 ದಾಟಿ 9, 10ರವರೆಗೂ ಹೋಗುತ್ತದೆ. ಮಣ್ಣಿನ ಕಣಗಳು ಒಂದನ್ನೊಂದು ಬಿಟ್ಟು ಚದುರಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ನಿಂತ ನೀರು ವಾರವಾದರೂ ತಿಳಿಯಾಗುವುದಿಲ್ಲ. ಕೆಲವೆಡೆ ಮಣ್ಣಿನ ಸಾವಯವ ಅಂಶವೇ ಕರಗಿ ಮೇಲೆ ಬಂದು ಕಪ್ಪು ಎಣ್ಣೆಯ ಹಾಗೆ ಒಣಗಿರುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಒಣಗಿದ ಮಣ್ಣಿನ ಬಟಾಣಿ ಗಾತ್ರದ ಮೂರು-ನಾಲ್ಕು ಹೆಂಟೆಗಳನ್ನು ಗಾಜಿನ ಲೋಟದಲ್ಲಿ ಮಳೆ ನೀರಿಗೋ ಬ್ಯಾಟರಿಗೆ ಹಾಕುವ ಶುದ್ಧ ನೀರಿಗೋ ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಿಸಬೇಡಿ. ಎರಡು ಗಂಟೆ ಬಿಟ್ಟು ನೋಡಿ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಸದ್ಯಕ್ಕೆ ಭಯವಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದ್ದರೆ ಸೋಡಿಯಂ ಸೇರಿಕೊಂಡಿದೆ. ನಲ್ಲಿ ನೀರು, ಕೊಳವೆಬಾವಿ ನೀರು ಬೇಡ. ಅದರಲ್ಲಿರುವ ಲವಣ ಮಬ್ಬು ಏಳದಂತೆ ತಡೆದು ತಪ್ಪು ಉತ್ತರ ಕೊಡುತ್ತದೆ.

ಪ್ರಯೋಗಾಲಯಕ್ಕೆ ಕಳಿಸುವುದಾದರೆ ಮೇಲಿನ ಮಣ್ಣೊಂದೇ ಸಾಲದು. ಅರ್ಧ ಅಡಿ, ಒಂದು ಅಡಿ, ಎರಡು ಅಡಿ, ಮೂರು ಅಡಿವರೆಗೆ ನಾಲ್ಕು ಪದರಗಳನ್ನು ಬೇರೆ ಬೇರೆ ಚೀಲದಲ್ಲಿ ತುಂಬಿ, ಒಂದೊಂದೂ ಅರ್ಧ ಕಿಲೋದಷ್ಟು. ಮೇಲಿನ ಬಿಳಿ ಹೆಪ್ಪನ್ನು ಕೆರೆದು ಪ್ರತ್ಯೇಕ ಕಟ್ಟಿ, ಇಲ್ಲದಿದ್ದರೆ ಅದೊಂದೇ ಇಡೀ ಲೆಕ್ಕವನ್ನು ಕೆಡಿಸುತ್ತದೆ. ವರದಿ ಬಂದಾಗ ವಾಹಕತೆಯನ್ನು ಯಾವ ವಿಧಾನದಲ್ಲಿ ಅಳೆದರು ಎಂದು ಕೇಳಿ. ಮೇಲೆ ಹೇಳಿದ 4 ಎಂಬ ಗಡಿ ಮಣ್ಣನ್ನು ನೀರಿನಿಂದ ಪೂರ್ತಿ ನೆನೆಸಿ ಹಿಂಡಿ ತೆಗೆದ ದ್ರವಕ್ಕೆ ಸಲ್ಲುವಂಥದ್ದು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅದೇ ಮಣ್ಣಿನ ಅಂಕಿ ಬಹಳ ಕೆಳಗೆ ಬರುತ್ತದೆ, ರೈತ ಸುಮ್ಮನೆ ಸಮಾಧಾನಪಟ್ಟುಕೊಳ್ಳುತ್ತಾನೆ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇದೆ, ಅಲ್ಲಿ ವಿಚಾರಿಸಬಹುದು.

ಈ ವ್ಯತ್ಯಾಸಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಲವಣ ಮಣ್ಣಿಗೆ ಬಸಿಗಾಲುವೆ, ಅಂದರೆ ಮಣ್ಣಿನೊಳಗಿನ ಹೆಚ್ಚಿನ ನೀರನ್ನು ಬಸಿದು ಹೊರಗೊಯ್ಯುವ ಕಾಲುವೆ, ತೆಗೆದು ಒಳ್ಳೆಯ ನೀರು ನಿಲ್ಲಿಸಿದರೆ ಸಾಕು. ಒಂದು ಅಡಿ ಮಣ್ಣಿನೊಳಗಿಂದ ಒಂದು ಅಡಿ ನೀರು ಇಳಿದರೆ ಆ ಪದರದ ಉಪ್ಪಿನಲ್ಲಿ ಹೆಚ್ಚುಕಡಿಮೆ ಶೇ 80 ತೊಳೆದು ಹೋಗುತ್ತದೆ. ಸೋಡಿಯಂ ಹಿಡಿದ ಮಣ್ಣಿಗೆ ಹಾಗೇ ಒಳ್ಳೆಯ ನೀರು ಕಟ್ಟಿದರೆ ಅದು ಮೊದಲಿಗಿಂತ ಕೆಡುತ್ತದೆ. ಕರಗಿದ ಲವಣ ಮಾತ್ರ ಹೋಗಿ, ಅಂಟಿದ ಸೋಡಿಯಂ ಉಳಿದು, ಕಣಗಳು ಇನ್ನೂ ಚದುರಿ, ನೆಲ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆತ್ಮಗಳ ಆರೈಕೆ ಮಾಡುವವರು ಇದನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ದುಃಖದಿಂದ, ಸಾಲದಿಂದ, ಸೋಲಿನಿಂದ ಒಳಗೆ ಉಪ್ಪು ತುಂಬಿಕೊಂಡವರಿದ್ದಾರೆ. ಅವರ ಮಣ್ಣಿನ ರಚನೆ ಕೆಟ್ಟಿಲ್ಲ. ಕೇಳುವ ಕಿವಿ, ಸಾಂತ್ವನದ ವಾಕ್ಯ, ಜೊತೆಗೆ ಕೂತು ಮಾಡಿದ ಪ್ರಾರ್ಥನೆ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ. ಅಂಥವರಿಗೆ ಪಾಪದ ಕಟ್ಟುನಿಟ್ಟಿನ ಉಪದೇಶ ಮಾಡುವುದು ಕ್ರೌರ್ಯ. ಇನ್ನು ಕೆಲವರಲ್ಲಿ ಹಳೆಯ ದ್ವೇಷ, ಕುಡಿತ, ಸುಳ್ಳಿನ ವ್ಯವಹಾರ, ತನ್ನ ಜಾತಿಯ ಹೆಮ್ಮೆ ಕಣಕಣಕ್ಕೆ ಅಂಟಿಕೊಂಡಿರುತ್ತದೆ. ಅವರಿಗೆ ಸಾಂತ್ವನ ಮಾತ್ರ ಸುರಿದರೆ ಇನ್ನಷ್ಟು ಗಟ್ಟಿಯಾಗುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 7ನೇ ಅಧ್ಯಾಯದಲ್ಲಿ ದೇವರ ಚಿತ್ತಕ್ಕೆ ತಕ್ಕ ದುಃಖ, ಲೋಕದ ದುಃಖ ಎಂದು ಎರಡು ಬಗೆಯ ದುಃಖವನ್ನು ಬೇರ್ಪಡಿಸಿ ತೋರಿಸುವುದು ಸುಮ್ಮನೆ ಅಲ್ಲ.

ಎರಡು ಬಗೆಗೂ ಮೊದಲ ಕೆಲಸ ಬಸಿಗಾಲುವೆ. ನಾಲೆಗೆ ನೀರು ನಿಲ್ಲಿಸಿದ ಬೇಸಿಗೆಯಲ್ಲೇ ಅದನ್ನು ತೆಗೆಯಬೇಕು. ನಾಲ್ಕು ಅಡಿ ಆಳ, ನೂರು ಅಡಿಗೆ ಎರಡು-ಮೂರು ಅಂಗುಲ ಇಳಿಜಾರು. ಪಕ್ಕಗಳನ್ನು ಗೋಡೆಯ ಹಾಗೆ ನೇರ ಕಡಿಯಬಾರದು, ಎರೆ ಮಣ್ಣು ಮೊದಲ ಮಳೆಗೇ ಕುಸಿಯುತ್ತದೆ. ಒಂದಕ್ಕೆ ಒಂದರಂತೆ ವಾರೆ ಕೊಡಬೇಕು. ತೆರೆದ ಕಾಲುವೆಗೆ ಜಾಗ ಹೋಗುತ್ತದೆ ಅನ್ನುವವರು ರಂಧ್ರವಿರುವ 80ರಿಂದ 100 ಮಿಲಿಮೀಟರ್ ಪಿವಿಸಿ ಕೊಳವೆ ಹೂಳುತ್ತಾರೆ, ಮೂರೂವರೆಯಿಂದ ನಾಲ್ಕೂವರೆ ಅಡಿ ಆಳದಲ್ಲಿ. ಎರಡು ಸಾಲಿನ ಅಂತರ ಎರೆ ಮಣ್ಣಿನಲ್ಲಿ 60–80 ಅಡಿ, ಸಡಿಲ ಮಣ್ಣಿನಲ್ಲಿ ಅದರ ದುಪ್ಪಟ್ಟು. ಕೊಳವೆಗೆ ಸೋಸುವ ಬಟ್ಟೆ ಸುತ್ತಬೇಕು, ಇಲ್ಲವೇ ಸುತ್ತ ದಪ್ಪ ಮರಳು ತುಂಬಬೇಕು. ಅದನ್ನು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹೂಳು ತುಂಬಿ ಕೊಳವೆ ಕಟ್ಟಿಕೊಳ್ಳುತ್ತದೆ.

ಅಗೆಯುವುದನ್ನು ಕೆಳಗಿನ ತುದಿಯಿಂದ ಶುರುಮಾಡಬೇಕು. ಹಳ್ಳಕ್ಕೋ ದೊಡ್ಡ ಬಸಿಗಾಲುವೆಗೋ ಸೇರುವ ಬಾಯಿಂದ ಮೇಲಕ್ಕೆ ಬರಬೇಕು. ಮೇಲಿಂದ ಶುರುಮಾಡಿದರೆ ಅಗೆದಷ್ಟು ದೂರವೂ ನೀರು ನಿಂತು ಕೆಲಸ ನಡೆಯುವುದಿಲ್ಲ, ಕೊನೆಗೆ ಬಾಯಿ ಹಳ್ಳಕ್ಕಿಂತ ಕೆಳಗೆ ಬಿದ್ದಿರುವುದು ಗೊತ್ತಾಗುತ್ತದೆ. ಪಶ್ಚಾತ್ತಾಪದಲ್ಲೂ ನಾವು ಸಾಮಾನ್ಯವಾಗಿ ಮೇಲಿನ ತುದಿಯಿಂದ ಶುರುಮಾಡುತ್ತೇವೆ: ದೇವರ ಮುಂದೆ ಕಣ್ಣೀರು, ಪಾಪನಿವೇದನೆ, ಹಾಡು. ಸುಂಕದವನಾದ ಜಕ್ಕಾಯ ಕೆಳಗಿನ ತುದಿಯಿಂದ ಶುರುಮಾಡಿದ. ಲೂಕ 19ರಲ್ಲಿ ಅವನು ಹೇಳಿದ್ದೆಲ್ಲ ಲೆಕ್ಕದ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಆ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು ಆಮೇಲೆ. ನಮ್ಮ ಊರುಗಳಲ್ಲಿ ಹಳ್ಳದ ಬಾಯಿ ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಭಾಗವಾದಾಗ ತಂಗಿಗೆ ಕೊಡದ ಪಾಲು, ಸರಿಸಿದ ಬದು, ಕೂಲಿಯವರಿಗೆ ಉಳಿಸಿಕೊಂಡ ಬಾಕಿ, ಒಂದೇ ಗುಡಿಯೊಳಗೆ ಕೂತು ಮನೆಯೊಳಗೆ ಬಿಟ್ಟುಕೊಳ್ಳದ ನೆಂಟಸ್ತಿಕೆ. ಅಗೆತ ಅಲ್ಲಿಂದ ಶುರುವಾದರೆ ಮೇಲಿನ ಕಣ್ಣೀರಿಗೆ ಹರಿಯಲು ದಾರಿ ಇರುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಚೌಳಾದ ಗದ್ದೆಯ ಒಡೆಯ ಎಷ್ಟೋ ಸಲ ಆ ಚೌಳಿಗೆ ಕಾರಣನಲ್ಲ. ಮೇಲಿನ ಹೊಲದವರು ಹಗಲುರಾತ್ರಿ ತೂಬು ತೆರೆದು ಬಿಟ್ಟ ನೀರು ಕೆಳಗಿನವನ ಮಣ್ಣಿನಲ್ಲಿ ಉಪ್ಪಾಗಿ ಏಳುತ್ತದೆ. ಮೇಲೆ ಕಬ್ಬು ಚೆನ್ನಾಗೇ ಇರುತ್ತದೆ, ಅವರಿಗೆ ತಾವು ಮಾಡಿದ್ದು ಕಾಣುವುದೂ ಇಲ್ಲ. ಕೀರ್ತನೆ 107 ಫಲವತ್ತಾದ ನೆಲ ಉಪ್ಪುನೆಲವಾದದ್ದನ್ನು ಅಲ್ಲಿ ವಾಸಿಸುವವರ ಕೆಟ್ಟತನಕ್ಕೆ ಜೋಡಿಸುತ್ತದೆ. ಅದನ್ನು ಒಂದು ಗದ್ದೆಯ ಒಡೆಯನಿಗೆ ಅಂಟಿಸಬಾರದು, ಇಡೀ ಬಯಲಿಗೆ ಓದಿಕೊಳ್ಳಬೇಕು. ಹುಟ್ಟುಕುರುಡನನ್ನು ನೋಡಿ ಪಾಪ ಇವನದೋ ಇವನ ಹೆತ್ತವರದೋ ಎಂದು ಕೇಳಿದ ಶಿಷ್ಯರಿಗೆ, ಇಬ್ಬರದೂ ಅಲ್ಲ ಎಂದು ಯೇಸು ಕೊಟ್ಟ ಉತ್ತರ ಯೋಹಾನ 9ರಲ್ಲಿದೆ. ಸಭೆಯಲ್ಲಿ ಯಾರ ಬದುಕು ಒಡೆದು ಕಾಣುತ್ತದೋ ಅವರನ್ನೇ ಮುಂದೆ ನಿಲ್ಲಿಸಿ ಪ್ರಾರ್ಥಿಸುತ್ತೇವೆ. ಮೇಲಿನ ತೂಬನ್ನು ಯಾರು ತೆರೆದಿಟ್ಟಿದ್ದಾರೆ ಎಂದು ಕೇಳುವುದು ಅಪರೂಪ. ಬಸಿಗಾಲುವೆಯೂ ಒಬ್ಬನ ಕೈಲಾಗುವ ಕೆಲಸವಲ್ಲ. ಅದು ಹತ್ತು ಜನರ ಸರ್ವೇ ನಂಬರು ದಾಟಿ ಹಳ್ಳ ಸೇರಬೇಕು. ನಡುವೆ ಒಬ್ಬ ಮುಚ್ಚಿದರೆ, ಒಬ್ಬ ಒತ್ತುವರಿ ಮಾಡಿ ಭತ್ತ ನಾಟಿದರೆ, ಒಂದು ಕಡೆ ಜೊಂಡು ಬೆಳೆದು ಕಟ್ಟಿದರೆ ಮೇಲಿನ ಎಲ್ಲರ ಉಪ್ಪೂ ಅಲ್ಲೇ ನಿಲ್ಲುತ್ತದೆ.

ದಾರಿ ಆದ ಮೇಲೆ ಕ್ಷಾರ ಮಣ್ಣಿಗೆ ಜಿಪ್ಸಂ. ಜೇಡಿ ಕಣಕ್ಕೆ ಅಂಟಿದ ಸೋಡಿಯಂ ಬರೀ ನೀರಿಗೆ ಬಿಡುವುದಿಲ್ಲ, ಆ ಜಾಗಕ್ಕೆ ಇನ್ನೊಂದು ಬಂದು ಕೂತರೆ ಮಾತ್ರ ಬಿಡುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಬಂದು ಕೂರುತ್ತದೆ, ಸೋಡಿಯಂ ಸಲ್ಫೇಟ್ ಆಗಿ ನೀರಿಗೆ ಬಿದ್ದು ಬಸಿಗಾಲುವೆ ಸೇರುತ್ತದೆ. ಮತ್ತಾಯ 12ರಲ್ಲಿ ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ ದೆವ್ವ ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆದುಕೊಂಡು ಹಿಂದಿರುಗಿತು. ಕೊಲೊಸ್ಸೆ 3ರಲ್ಲಿ ಕೋಪ, ಮತ್ಸರ, ದೂಷಣೆ ಬಿಡಿರಿ ಎಂದ ಪೌಲ ಅಲ್ಲಿಗೆ ನಿಲ್ಲಿಸದೆ ಕನಿಕರ, ದಯೆ, ದೀನತೆಯನ್ನು ಧರಿಸಿಕೊಳ್ಳಿ ಎನ್ನುತ್ತಾನೆ. ಕುಡಿತ ಬಿಟ್ಟವನ ಸಂಜೆ ಆರು ಗಂಟೆಯಿಂದ ಎಂಟು ಗಂಟೆಯವರೆಗಿನ ಹೊತ್ತಿಗೆ ಏನು ಬಂದು ಕೂರುತ್ತದೆ ಎಂದು ಯಾರಾದರೂ ಯೋಚಿಸಿದ್ದರೆ ಅವನು ಉಳಿಯುತ್ತಾನೆ.

ಎಷ್ಟು ಜಿಪ್ಸಂ ಎಂಬುದು ವರದಿಯಿಂದಲೇ ತಿಳಿಯಬೇಕು. ನೂರು ಗ್ರಾಂ ಮಣ್ಣಿನಿಂದ ಒಂದು ಮಿಲಿ ಈಕ್ವಿವಲೆಂಟ್ ಸೋಡಿಯಂ ಬಿಡಿಸಲು, ಅರ್ಧ ಅಡಿ ಆಳಕ್ಕೆ, ಎಕರೆಗೆ ಸುಮಾರು 780 ಕಿಲೋ ಶುದ್ಧ ಜಿಪ್ಸಂ ಬೇಕು. ಒಂದು ಉದಾಹರಣೆ: ಧಾತುಗಳನ್ನು ಹಿಡಿದಿಡುವ ಮಣ್ಣಿನ ಶಕ್ತಿ ನೂರು ಗ್ರಾಂಗೆ 30 ಮಿಲಿ ಈಕ್ವಿವಲೆಂಟ್, ಅದರಲ್ಲಿ ಸೋಡಿಯಂ ಪಾಲು ಶೇ 25, ಅದನ್ನು ಶೇ 10ಕ್ಕೆ ಇಳಿಸಬೇಕು ಅಂದರೆ ನಾಲ್ಕೂವರೆ ಮಿಲಿ ಈಕ್ವಿವಲೆಂಟ್ ಬಿಡಿಸಬೇಕು. ಲೆಕ್ಕಕ್ಕೆ ಮೂರೂವರೆ ಟನ್. ಭತ್ತ ಮೊದಲ ಬೆಳೆಯಾದರೆ ಇದರ ಅರ್ಧ ಸಾಕೆಂಬುದು ಉತ್ತರ ಭಾರತದ ಕ್ಷಾರ ಭೂಮಿಗಳಲ್ಲಿ ಕಂಡುಕೊಂಡ ಅನುಭವ. 1969ರಲ್ಲಿ ಶುರುವಾದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ಬಹಳ ಕೆಲಸ ಮಾಡಿದೆ. ಅಂಗಡಿಯ ಜಿಪ್ಸಂ ಶೇ 80 ಶುದ್ಧವಿದ್ದರೆ ಎಕರೆಗೆ ಎರಡು ಟನ್ನಿನ ಮೇಲೆ ಸ್ವಲ್ಪ. ಎರಡು ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ಪುಡಿಯಾಗಿರಬೇಕು. ಹೊಲ ಮೊದಲು ಮಟ್ಟ ಆಗಿರಬೇಕು, ಉಬ್ಬಿದ ಜಾಗದಲ್ಲಿ ನೀರು ನಿಲ್ಲದೆ ಅಲ್ಲಿ ಚೌಳು ಹಾಗೇ ಉಳಿಯುತ್ತದೆ. ಎರಚಿದ ಮೇಲೆ ಮೇಲಿನ ನಾಲ್ಕು ಅಂಗುಲಕ್ಕೆ ಮಾತ್ರ ಬೆರೆಸಿ. ಆಳಕ್ಕೆ ಉತ್ತರೆ ಒಳಗಿನ ಕಾರ್ಬೊನೇಟು ಅದನ್ನು ಅಲ್ಲೇ ಹಿಡಿದು ನಿಷ್ಫಲ ಮಾಡುತ್ತದೆ. ಆಮೇಲೆ ಹತ್ತು-ಹದಿನೈದು ದಿನ ನೀರು ನಿಲ್ಲಿಸಿ, ನಡುವೆ ಒಣಗಲು ಬಿಡಬೇಡಿ. ಲೀಟರ್ ನೀರಿಗೆ ಕರಗುವುದು ಸುಮಾರು ಎರಡೂವರೆ ಗ್ರಾಂ ಜಿಪ್ಸಂ ಮಾತ್ರ. ಮೇಲಿನ ಪ್ರಮಾಣ ಕರಗಲು ಎಕರೆ ತುಂಬ ಏಳು ಅಂಗುಲ ನೀರು ಒಳಗಿಳಿಯಬೇಕು. ನೀರು ಮೂರನೆಯದು ಎಂದದ್ದು ಇದಕ್ಕೆ. ಬಸಿಗಾಲುವೆ ಇಲ್ಲದೆ ಜಿಪ್ಸಂ ಸುರಿದವರ ದುಡ್ಡು ಸೋಡಿಯಂ ಸಲ್ಫೇಟ್ ಆಗಿ ಅದೇ ಹೊಲದಲ್ಲಿ ಕೂತಿರುತ್ತದೆ, ಬೇಸಿಗೆಗೆ ಮತ್ತೆ ಮೇಲೆ ಬರುತ್ತದೆ.

ನಮ್ಮ ದೇಶದಲ್ಲಿ ಗಣಿಯಿಂದ ತೆಗೆಯುವ ಜಿಪ್ಸಂ ಬಹುಪಾಲು ರಾಜಸ್ಥಾನದ್ದು, ಈ ನೆಲದಲ್ಲಿ ಹುಟ್ಟಿದ್ದಲ್ಲ. ಕೃಪೆಯ ವಿಷಯದಲ್ಲಿ ಕ್ರೈಸ್ತ ಸಭೆ ಮೊದಲಿಂದ ಹೇಳಿಕೊಂಡು ಬಂದದ್ದೂ ಅದೇ: ಹೊರಗಿಂದ ಬರಬೇಕು. ಆದರೆ ನನಗೆ ಇನ್ನೂ ಆಳವಾಗಿ ಹಿಡಿಸುವ ಸಂಗತಿ ಬೇರೆ. ಎಷ್ಟೋ ಎರೆ ಮಣ್ಣುಗಳ ಒಳಗೆ ಸುಣ್ಣದ ಹರಳು ಮೊದಲೇ ಇರುತ್ತದೆ. ಅಂದರೆ ಬೇಕಾದ ಕ್ಯಾಲ್ಸಿಯಂ ಅಲ್ಲೇ ಇದೆ, ಪಿಎಚ್ ಹೆಚ್ಚಿರುವುದರಿಂದ ಕರಗದೆ ಬಿದ್ದಿದೆ. ಬೇರು ಉಸಿರಾಡಿದಾಗ, ಹಸಿರೆಲೆ ಕೊಳೆತಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ಮಣ್ಣಿನ ನೀರು ಸ್ವಲ್ಪ ಹುಳಿಯಾಗುತ್ತದೆ, ಆ ಸುಣ್ಣ ಕರಗತೊಡಗುತ್ತದೆ. ದೀಕ್ಷಾಸ್ನಾನದಲ್ಲಿ ಪಡೆದದ್ದು ಎಷ್ಟೋ ಜನರೊಳಗೆ ಹಾಗೇ ಹರಳುಗಟ್ಟಿ ಇದೆ. ತಿಮೊಥೆಯನೊಳಗೆ ಇದ್ದ ವರವನ್ನೇ ಮತ್ತೆ ಉರಿಸು ಎಂದು ಪೌಲ ಬರೆದದ್ದು. ಹೊಸದೊಂದನ್ನು ಕಳಿಸುತ್ತೇನೆ ಎಂದಲ್ಲ.

ಆ ಕೆಲಸಕ್ಕೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ. ಎಕರೆಗೆ 10–12 ಕಿಲೋ ಬೀಜ, ನೀರು ನಿಂತರೂ ಚೌಳಿದ್ದರೂ ಏಳುತ್ತದೆ. 45 ದಿನಕ್ಕೆ, ಹೂ ಬರುವ ಮೊದಲು ನೇಗಿಲು ಹೊಡೆದು ಮಣ್ಣಿಗೆ ಸೇರಿಸಬೇಕು. ತಡಮಾಡಿದರೆ ಕಡ್ಡಿ ಬಲಿತು ಬೇಗ ಕೊಳೆಯುವುದಿಲ್ಲ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿ ಉಳಿದ ಮಡ್ಡಿ, ಸಿಕ್ಕರೆ ಅದೂ ಒಳ್ಳೆಯದು, ಆದರೆ ಗಂಧಕದ ವಿಧಾನದಲ್ಲಿ ರಸ ತಿಳಿ ಮಾಡುವ ಕಾರ್ಖಾನೆಯದ್ದಾಗಿರಬೇಕು; ಇನ್ನೊಂದು ವಿಧಾನದ್ದರಲ್ಲಿ ಬರೀ ಸುಣ್ಣ ಇರುತ್ತದೆ, ಚೌಳಿಗೆ ಪ್ರಯೋಜನವಿಲ್ಲ.

ಮೊದಲ ಬೆಳೆ ಭತ್ತವೇ ಆಗಬೇಕು. ನಿಂತ ನೀರಿನಲ್ಲಿ ಬೆಳೆಯುತ್ತದೆ, ಬೇರು ಮೇಲೇ ಇರುತ್ತದೆ, ಬೆಳೆಯುತ್ತಲೇ ಮಣ್ಣನ್ನು ಸರಿಮಾಡುತ್ತದೆ. 35–40 ದಿನದ ಬಲಿತ ಪೈರು, ಗುಣಿಗೆ ಮೂರು-ನಾಲ್ಕು. ಎಳೆಯ ಪೈರು ಚೌಳಿಗೆ ಸಾಯುತ್ತದೆ. ಸಾರಜನಕ ಮಾಮೂಲಿಗಿಂತ ಕಾಲು ಭಾಗ ಹೆಚ್ಚು. ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್, ರಂಜಕದ ಗೊಬ್ಬರದ ಜೊತೆ ಬೆರೆಸದೆ ಬೇರೆ ದಿನ ಹಾಕಬೇಕು. ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಕಂಡರೆ ರೋಗವೆಂದು ಔಷಧಿ ಹೊಡೆಯುವವರೇ ಹೆಚ್ಚು, ಬಹಳ ಸಲ ಅದು ಸತುವಿನ ಕೊರತೆ. ಮೊದಲ ವರ್ಷ ಇಳುವರಿ ಕಡಿಮೆ, ಅಲ್ಲಲ್ಲಿ ಬೋಳು ಉಳಿಯುತ್ತದೆ. ಲೂಕ 13ರ ತೋಟಗಾರ ಮೂರು ವರ್ಷ ಫಲ ಕೊಡದ ಅಂಜೂರಕ್ಕೆ ಇನ್ನೊಂದು ವರ್ಷ ಕೇಳಿಕೊಂಡಾಗ ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದ. ಅವನು ಕೇಳಿದ ಅವಧಿಯೊಳಗೆ ಕೆಲಸದ ಪಟ್ಟಿಯೂ ಇತ್ತು.

ಸಾಲ ತಲೆಯ ಮೇಲಿರುವ ರೈತನಿಗೆ ಒಂದು ಬೆಳೆ ಬಂದ ಕೂಡಲೆ ಕಬ್ಬು ಹಾಕುವ ಆಸೆ. ಕಬ್ಬಿನ ಬೇರು ಆಳ, ಕ್ಷಾರ ತಡೆಯುವ ಶಕ್ತಿ ಭತ್ತಕ್ಕಿಂತ ಕಡಿಮೆ. ಮೇಲಿನ ಅರ್ಧ ಅಡಿ ಮಾತ್ರ ಸರಿಯಾದ ನೆಲದಲ್ಲಿ ಅದು ಮೊಳಕೆಗೆ ಚೆನ್ನಾಗಿ ಬಂದು ಬೇಸಿಗೆಗೆ ಸುಟ್ಟುಹೋಗುತ್ತದೆ. ಹೊಸದಾಗಿ ದೇವರ ಕಡೆ ತಿರುಗಿದವರನ್ನು ಮರುತಿಂಗಳೇ ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸುವುದು, ಮುಖಂಡತನ ಕೊಡುವುದು ಇದೇ ತಪ್ಪು. ಅವರ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ, ಆದರೂ ಅವರನ್ನು ಸುಡುತ್ತೇವೆ. ಎರಡು-ಮೂರು ವರ್ಷ ಭತ್ತದ ಹಾಗೆ ಮೇಲ್ಬೇರಿನ, ದಿನನಿತ್ಯದ ಕೆಲಸ ಕೊಡಿ: ಕಸ ಗುಡಿಸುವುದು, ರೋಗಿಗಳನ್ನು ನೋಡಿ ಬರುವುದು, ಮಕ್ಕಳ ಜೊತೆ ಕೂತು ಪಾಠ ಕೇಳುವುದು.

ಈ ಚಿತ್ರಕ್ಕೂ ಎಲ್ಲೆ ಇದೆ. ಮಣ್ಣಿಗೆ ಇಚ್ಛೆ ಇಲ್ಲ, ಅದು ಬೇಡ ಅನ್ನುವುದಿಲ್ಲ. ಮನುಷ್ಯ ಅನ್ನುತ್ತಾನೆ. ಮತ್ತೆ, ನೆಲ ಬರೀ ಚಿತ್ರಕ್ಕಾಗಿ ಇರುವಂಥದ್ದೂ ಅಲ್ಲ. ರೋಮಾ 8ರಲ್ಲಿ ಸೃಷ್ಟಿಯೇ ನರಳುತ್ತ ಬಿಡುಗಡೆಗೆ ಕಾಯುತ್ತಿದೆ ಎಂದಿದೆ. ಮದ್ದೂರಿನ ತಗ್ಗಿನ ಗದ್ದೆಯೂ ಆ ಸೃಷ್ಟಿಯ ಭಾಗ. ಆದ್ದರಿಂದ ತಪಸ್ಸುಕಾಲದ ನಲವತ್ತು ದಿನ ಇಲ್ಲಿನ ಸಭೆಗಳು ಪಿಕಾಸಿ, ಗುದ್ದಲಿ ಹಿಡಿದು ಊರ ಬಸಿಗಾಲುವೆಯ ಜೊಂಡು ತೆಗೆಯಲಿ ಎಂದು ನಾನು ಮನಸ್ಸಾರೆ ಬಯಸುತ್ತೇನೆ. ನಾಲೆ ನಿಂತಿದ್ದರೆ ಕಾಲವೂ ಅದಕ್ಕೆ ಸರಿ. ಕಾಲುವೆ ಹಿಂದೂಗಳ, ಮುಸ್ಲಿಮರ, ಕ್ರೈಸ್ತರ ಹೊಲಗಳನ್ನು ದಾಟಿ ಹೋಗುವುದರಿಂದ ಎಲ್ಲರನ್ನೂ ಕೇಳಿ, ಎಲ್ಲರ ಜೊತೆ ಸೇರಿಯೇ ಮಾಡಬೇಕಾಗುತ್ತದೆ. ಅದೂ ಒಳ್ಳೆಯದೇ.

ಸರಿಯಾದ ನೆಲವನ್ನು ಬೇಸಿಗೆಯಲ್ಲಿ ಬೋಳು ಬಿಡಬೇಡಿ. ಬಸಿಗಾಲುವೆ ಮುಚ್ಚಿಕೊಂಡು, ಒಂದೆರಡು ಬೇಸಿಗೆ ಪಾಳು ಬಿಟ್ಟರೆ ಕೆಳಗಿನ ಉಪ್ಪು ಮತ್ತೆ ಮೇಲೇರುತ್ತದೆ. ಹುಲ್ಲು ಹೊದಿಸಿ, ಇಲ್ಲವೇ ಡಯಾಂಚ ಚೆಲ್ಲಿ. ಪ್ರತಿ ವರ್ಷ ಮಣ್ಣಿನ ಮಾದರಿ ತೆಗೆಸಿ: ಅದೇ ಜಾಗ, ಅದೇ ಆಳಗಳು, ಅದೇ ತಿಂಗಳು. ಆಗಸ್ಟಿನಲ್ಲಿ ನೀರು ನಿಂತಿರುವಾಗ ಅಳೆದರೆ ಪಿಎಚ್ ತಾನಾಗೇ ಇಳಿದು ಕಾಣುತ್ತದೆ, ಗದ್ದೆ ವಾಸಿಯಾಯಿತು ಅನ್ನಿಸುತ್ತದೆ. ಕೊಯ್ಲು ಮುಗಿದು ನೆಲ ಪೂರ್ತಿ ಒಣಗಿದ ಮೇಲೆ, ಮಾರ್ಚಿಯಲ್ಲಿ ಬರುವ ಅಂಕಿಯನ್ನೇ ಬರೆದಿಟ್ಟುಕೊಳ್ಳಿ.